ಗ್ರೇಪ್‌ಫ್ರೂಟ್ ಬೀಜದ ಸಾರ: ಕೆಡದಂತೆ ಕಾಯುವುದು ಯಾವುದು?

‘ನೂರಕ್ಕೆ ನೂರು ನೈಸರ್ಗಿಕ’, ‘ರಾಸಾಯನಿಕ ಮುಕ್ತ’, ‘ಸಸ್ಯಮೂಲದ ಸಂರಕ್ಷಕವನ್ನು ಮಾತ್ರ ಬಳಸಲಾಗಿದೆ’ – ಚರ್ಮಕ್ಕೆ ಹಚ್ಚುವ ಕ್ರೀಮು, ಲೋಷನ್ನುಗಳ ಡಬ್ಬಿಗಳ ಮೇಲೆ ಇಂಥ ಮಾತುಗಳನ್ನು ನೀವು ಓದಿರುತ್ತೀರಿ. ‘ರಾಸಾಯನಿಕ ಮುಕ್ತ’ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ನೀರು ರಾಸಾಯನಿಕ, ಎಣ್ಣೆ ರಾಸಾಯನಿಕ, ಅವನ್ನು ಹಚ್ಚಿಕೊಳ್ಳುವ ಚರ್ಮವೂ ರಾಸಾಯನಿಕಗಳ ಸಂಯೋಜನೆಯೇ. ಆದರೆ ಮೂರನೆಯ ಮಾತು ಹಾಗಲ್ಲ. ಅದು ಪರೀಕ್ಷೆಗೆ ಒಳಪಡಿಸಬಹುದಾದ ಹೇಳಿಕೆ. ಆ ಸಂರಕ್ಷಕ ನಿಜವಾಗಿಯೂ ಸಸ್ಯದಿಂದ ಬಂದುದೇ? ಅದು ಕ್ರೀಮನ್ನು ನಿಜವಾಗಿಯೂ ಕಾಯುತ್ತದೆಯೇ? ಈ ಎರಡು ಪ್ರಶ್ನೆಗಳಿಗೂ ಪ್ರಯೋಗಶಾಲೆಯಲ್ಲಿ ಉತ್ತರ ಸಿಗುತ್ತದೆ.

ಈ ಬಗೆಯ ಸಂರಕ್ಷಕಗಳಲ್ಲಿ ಹೆಚ್ಚು ಹೆಸರು ಮಾಡಿದ ಒಂದನ್ನು, ಅಂದರೆ ಗ್ರೇಪ್‌ಫ್ರೂಟ್ ಬೀಜದ ಸಾರವನ್ನು, ಇಲ್ಲಿ ವಿಮರ್ಶೆಗೆ ತೆಗೆದುಕೊಳ್ಳೋಣ. ಹೆಸರಿನಲ್ಲಿ ‘ಗ್ರೇಪ್’ ಇದ್ದರೂ ಇದು ದ್ರಾಕ್ಷಿಯಲ್ಲ. ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ, ತುಸು ಕಹಿಯಾದ ದೊಡ್ಡ ಹಣ್ಣು. ನಮಗೆ ಪರಿಚಿತವಾದ ಚಕ್ಕೋತ ಮತ್ತು ಕಿತ್ತಳೆಗಳ ಮಿಶ್ರತಳಿಯಾದ ಇದು 18ನೆಯ ಶತಮಾನದಲ್ಲಿ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ ಕಾಣಿಸಿಕೊಂಡಿತು. ಇದರ ಬೀಜ ಮತ್ತು ತಿರುಳಿನಿಂದ ತೆಗೆದ ಸಾರ ಬ್ಯಾಕ್ಟೀರಿಯ, ಶಿಲೀಂಧ್ರಗಳೆರಡನ್ನೂ ಕೊಲ್ಲುತ್ತದೆ, ಎಣ್ಣೆ ಕಮಟು ಹಿಡಿಯದಂತೆ ತಡೆಯುತ್ತದೆ, ಚರ್ಮಕ್ಕೂ ಹಿತಕರ, ಬೇಕಾದರೆ ಕುಡಿಯಲೂಬಹುದು ಎಂಬುದು ಮಾರಾಟಗಾರರ ಹೇಳಿಕೆ. ಒಂದೇ ಬಾಟಲಿಯಿಂದ ಇಷ್ಟೆಲ್ಲ ಕೆಲಸ! ‘ಬಹೂಪಯೋಗಿ ನೈಸರ್ಗಿಕ ಸಂರಕ್ಷಕ’ ಎಂಬ ಹೆಸರು ಇದಕ್ಕೆ ಬಂದದ್ದು ಹೀಗೆ.

ಸಂರಕ್ಷಕ ಏಕೆ ಬೇಕು?

ಸಂರಕ್ಷಕವನ್ನೇ ಹಾಕದಿದ್ದರಾಯಿತಲ್ಲ ಎಂದು ಕೆಲವರು ಕೇಳಬಹುದು. ಕ್ರೀಮು ಎಂದರೆ ನೀರು ಮತ್ತು ಎಣ್ಣೆ ಸೂಕ್ಷ್ಮ ಹನಿಗಳಾಗಿ ಬೆರೆತಿರುವ ಎಮಲ್ಷನ್. ನೀರಿರುವೆಡೆ ಸೂಕ್ಷ್ಮಜೀವಿಗಳು ಬೆಳೆಯಬಲ್ಲವು. ಬರಿಯ ಕೊಬ್ಬರಿ ಎಣ್ಣೆಯಲ್ಲಿ ನೀರಿಲ್ಲ, ಆದ್ದರಿಂದ ಅಲ್ಲಿ ಬ್ಯಾಕ್ಟೀರಿಯಗಳ ಭಯವಿಲ್ಲ. ಆದರೆ ಕ್ರೀಮಿನ ಡಬ್ಬಿಗೆ ನಾವು ದಿನವೂ ಬೆರಳು ಅದ್ದುತ್ತೇವೆ. ಒಂದೊಂದು ಸಲವೂ ಒಂದಿಷ್ಟು ಜೀವಿಗಳು ಒಳಗೆ ಹೋಗುತ್ತವೆ.

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡಿ. ಅನುಕೂಲಕರ ಪರಿಸ್ಥಿತಿಯಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯ 10 ಗಂಟೆಗಳಲ್ಲಿ 20 ಬಾರಿ ಇಮ್ಮಡಿಯಾಗುತ್ತದೆ. 2ರ 20ನೆಯ ಘಾತವೆಂದರೆ 10 ಲಕ್ಷಕ್ಕೂ ಹೆಚ್ಚು. ಕ್ರೀಮು ಅಷ್ಟು ಅನುಕೂಲಕರವಲ್ಲ, ದಿನಕ್ಕೆ ಎರಡು ಬಾರಿ ಮಾತ್ರ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಂಡರೂ, ಅದೇ ಸಂಖ್ಯೆ 10 ದಿನಗಳಲ್ಲಿ ಬರುತ್ತದೆ. ಒಂದು ಡಬ್ಬಿಯನ್ನು ನಾವು ತಿಂಗಳುಗಟ್ಟಲೆ ಬಳಸುತ್ತೇವೆ! ಸ್ಯೂಡೋಮೊನಾಸ್ ಏರುಜಿನೋಸ ಎಂಬ ಬ್ಯಾಕ್ಟೀರಿಯ ಇಂಥ ಉತ್ಪನ್ನಗಳಲ್ಲಿ ಸೇರಿಕೊಂಡರೆ ಗಾಯದ ಚರ್ಮಕ್ಕೆ ಸೋಂಕು ತಗುಲಿಸಬಲ್ಲದು. ಕಣ್ಣಿಗೆ ಹಚ್ಚುವ ವಸ್ತುವಿನಲ್ಲಿದ್ದರೆ ಕಾರ್ನಿಯವನ್ನೇ ಹಾಳುಮಾಡಬಲ್ಲದು. ಆದ್ದರಿಂದ ನೀರಿರುವ ಉತ್ಪನ್ನಕ್ಕೆ ಸಂರಕ್ಷಕ ಬೇಕೇ ಬೇಕು, ಮತ್ತು ಅದು ಕೆಲಸ ಮಾಡಲೇಬೇಕು.

ಗ್ರೈಫ್ಸ್‌ವಾಲ್ಡ್‌ನ ಪ್ರಯೋಗ

ಗ್ರೇಪ್‌ಫ್ರೂಟ್ ಬೀಜದ ಸಾರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬುದನ್ನು ಹಲವು ಪ್ರಯೋಗಾಲಯಗಳು ಕಂಡುಕೊಂಡಿದ್ದವು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಅದರೊಳಗೆ ಕೊಲ್ಲುತ್ತಿರುವುದು ಯಾವುದು? ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಎತ್ತಿದವರು ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು. ಅವರ ಪ್ರಬಂಧ 1999ರಲ್ಲಿ ಪ್ರಕಟವಾಯಿತು. ಮಾರುಕಟ್ಟೆಯಲ್ಲಿ ದೊರೆಯುವ 6 ಸಾರಗಳನ್ನು ಅವರು ತೆಗೆದುಕೊಂಡರು. 5 ಸಾರಗಳು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ಚೆನ್ನಾಗಿ ತಡೆದವು, ಒಂದು ತಡೆಯಲಿಲ್ಲ. ಅನಂತರ ಅವುಗಳ ರಾಸಾಯನಿಕ ವಿಶ್ಲೇಷಣೆ ಮಾಡಿದರು. ಕೆಲಸ ಮಾಡಿದ ಐದರಲ್ಲೂ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಸಂಶ್ಲೇಷಿತ ಸೋಂಕುನಿವಾರಕ ಇತ್ತು. ಅವುಗಳಲ್ಲಿ ಮೂರರಲ್ಲಿ ಟ್ರೈಕ್ಲೋಸಾನ್ ಮತ್ತು ಮೀಥೈಲ್ ಪ್ಯಾರಬೆನ್ ಕೂಡ ಇದ್ದವು. ಕೆಲಸ ಮಾಡದ ಆರನೆಯದರಲ್ಲಿ ಇವು ಯಾವುವೂ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಸಂದೇಹ ಉಳಿಯುತ್ತಿತ್ತು. ಬೀಜದ ಸಾರಕ್ಕೂ ಒಂದಿಷ್ಟು ಶಕ್ತಿ ಇದ್ದಿರಬಹುದಲ್ಲವೇ? ಆದ್ದರಿಂದ ಅವರು ಹಣ್ಣುಗಳನ್ನು ತಂದು, ಬೀಜ ಮತ್ತು ರಸ ಹಿಂಡಿದ ತಿರುಳಿನಿಂದ ತಾವೇ ಸಾರ ತಯಾರಿಸಿ ಪರೀಕ್ಷಿಸಿದರು. ಅದಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ ಕಾಣಲಿಲ್ಲ. ವಿದ್ಯಾರ್ಥಿಗಳಿಗೆ ನಿಯಂತ್ರಿತ ಪ್ರಯೋಗವೆಂದರೆ ಏನೆಂದು ವಿವರಿಸಲು ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇದರಲ್ಲಿ ದುಬಾರಿಯಾದ ತಂತ್ರವೇನೂ ಇಲ್ಲ, ಹೋಲಿಕೆಗೆ ಸರಿಯಾದ ಮಾದರಿಯನ್ನು ಇಟ್ಟುಕೊಳ್ಳುವ ಎಚ್ಚರವಿದೆ.

ಇದಕ್ಕೂ ಮುಂಚೆ, 1996ರಲ್ಲಿಯೇ, ಜಪಾನಿನಲ್ಲಿ ನೈಸರ್ಗಿಕ ಆಹಾರ ಸಂಕಲನವೆಂದು ಮಾರಾಟವಾಗುತ್ತಿದ್ದ ಈ ಸಾರದಲ್ಲಿ ಟ್ರೈಕ್ಲೋಸಾನ್ ಮತ್ತು ಮೀಥೈಲ್ ಪ್ಯಾರಬೆನ್ ಪತ್ತೆಯಾಗಿದ್ದವು.

ಅಣುವನ್ನು ಗುರುತಿಸುವ ಬಗೆ

2001ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಆಲ್ಬನಿಯಲ್ಲಿರುವ ಕೃಷಿ ಇಲಾಖೆಯ ಸಂಶೋಧನಾ ಕೇಂದ್ರ ಇನ್ನೊಂದು ವಿಶ್ಲೇಷಣೆಯನ್ನು ಪ್ರಕಟಿಸಿತು. ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಇದು ಹೆಚ್ಚು ಆಸಕ್ತಿಯದು. ಏಕೆಂದರೆ ಇಲ್ಲಿ ಬಳಕೆಯಾದ ಸಾಧನಗಳೆಲ್ಲ ನಮ್ಮ ವಿಷಯದಿಂದಲೇ ಹುಟ್ಟಿದವು.

ಮೊದಲನೆಯದು ನ್ಯೂಕ್ಲಿಯರ್ ಕಾಂತೀಯ ಅನುರಣನ. ಪ್ರಬಲ ಕಾಂತಕ್ಷೇತ್ರದಲ್ಲಿಟ್ಟ ಅಣುವಿನ ಹೈಡ್ರೊಜನ್ ಮತ್ತು ಕಾರ್ಬನ್-13 ನ್ಯೂಕ್ಲಿಯಸ್ಸುಗಳು ರೇಡಿಯೊ ತರಂಗಗಳನ್ನು ಹೀರುತ್ತವೆ. ಯಾವ ಆವೃತ್ತಿಯಲ್ಲಿ ಹೀರುತ್ತವೆ ಎಂಬುದು ಆ ಪರಮಾಣುವಿನ ನೆರೆಹೊರೆಯನ್ನು ಅವಲಂಬಿಸುತ್ತದೆ. ಹೀಗೆ ಅಣುವಿನ ಅಸ್ಥಿಪಂಜರ ತಿಳಿಯುತ್ತದೆ. ಎರಡನೆಯದು ದ್ರವ್ಯರಾಶಿ ರೋಹಿತಮಾಪನ. ಬೆಂಜೆಥೋನಿಯಂ ಧನ ಅಯಾನಿನ ರಾಶಿ ಸುಮಾರು 412 ಏಕಮಾನ. ಮೂರನೆಯದು, ವೇಗವಾದ ಪ್ರೋಟಾನುಗಳನ್ನು ಮಾದರಿಗೆ ಬಡಿಸಿ, ಹೊಮ್ಮುವ ಎಕ್ಸ್ ಕಿರಣಗಳನ್ನು ಅಳೆಯುವ ವಿಧಾನ. ಪ್ರೋಟಾನು ಪರಮಾಣುವಿನ ಒಳಕವಚದ ಎಲೆಕ್ಟ್ರಾನನ್ನು ಹೊರದಬ್ಬುತ್ತದೆ. ಆ ಜಾಗವನ್ನು ತುಂಬಲು ಹೊರಕವಚದ ಎಲೆಕ್ಟ್ರಾನ್ ಇಳಿಯುವಾಗ, ಆ ಧಾತುವಿಗೇ ವಿಶಿಷ್ಟವಾದ ಎಕ್ಸ್ ಕಿರಣ ಹೊರಬರುತ್ತದೆ. 1913ರಲ್ಲಿ ಮೋಸ್ಲಿ ಕಂಡುಕೊಂಡ ಸಂಬಂಧ ಇದೇ. ಕ್ಲೋರಿನ್ ಇದ್ದರೆ ಇಲ್ಲಿ ಅಡಗಿಕೊಳ್ಳಲಾಗದು.

ಈ ವಿಧಾನಗಳ ಫಲಿತಾಂಶಗಳು ಒಂದನ್ನೊಂದು ಸಮರ್ಥಿಸಿದವು. ವಾಣಿಜ್ಯ ಸಾರದಲ್ಲಿದ್ದ ಮುಖ್ಯ ಸಂಯುಕ್ತ ಬೆಂಜೆಥೋನಿಯಂ ಕ್ಲೋರೈಡ್. ದ್ರವರೂಪದ ಒಂದು ಮಾದರಿಯಲ್ಲಿ ಅದರ ಪ್ರಮಾಣ ಶೇ. 8.03. ಅಲ್ಪಸ್ವಲ್ಪ ಕಲಬೆರಕೆಯೆಂದು ಕಡೆಗಣಿಸುವ ಪ್ರಮಾಣ ಇದಲ್ಲ. 2005ರಲ್ಲಿ ಅದೇ ಕೇಂದ್ರದವರು ಕೆಲವು ವಾಣಿಜ್ಯ ಸಾರಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಹತ್ತಿರದ ಸಂಬಂಧಿಯನ್ನು ಗುರುತಿಸಿದರು. ಒಂದರ ಜಾಗಕ್ಕೆ ಇನ್ನೊಂದು ಬಂದಿತ್ತು, ಅಷ್ಟೆ. 2008ರಲ್ಲಿ ಜಪಾನಿನ ಸಂಶೋಧಕರು ಸಾರಗಳಲ್ಲಷ್ಟೇ ಅಲ್ಲ, ಅವನ್ನು ಬೆರೆಸಿದ ಉತ್ಪನ್ನಗಳಲ್ಲೂ ಇಂಥ ಸೋಂಕುನಿವಾರಕಗಳನ್ನು ಕಂಡರು.

ಈ ಎರಡೂ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳು. ಇವುಗಳ ನೈಟ್ರೊಜನ್ ಪರಮಾಣುವಿಗೆ ನಾಲ್ಕು ಕಾರ್ಬನ್ ಗುಂಪುಗಳು ಅಂಟಿಕೊಂಡಿದ್ದು, ಅದು ಸದಾ ಧನ ವಿದ್ಯುದಾವೇಶ ಹೊಂದಿರುತ್ತದೆ. ಬ್ಯಾಕ್ಟೀರಿಯದ ಹೊರಮೈ ಋಣ ಆವೇಶದ್ದು. ಆಕರ್ಷಣೆಯಿಂದ ಅಲ್ಲಿ ನೆಲೆಯೂರಿದ ಅಣು, ತನ್ನ ಎಣ್ಣೆಪ್ರಿಯ ಬಾಲವನ್ನು ಕೋಶಪೊರೆಯೊಳಕ್ಕೆ ತೂರಿಸಿ ಪೊರೆಯನ್ನು ಒಡೆಯುತ್ತದೆ. ಆಸ್ಪತ್ರೆಗಳಲ್ಲಿ ಇವುಗಳ ಬಳಕೆ ಹಳೆಯದು, ಇವು ಒಳ್ಳೆಯ ಸೋಂಕುನಿವಾರಕಗಳೂ ಹೌದು. ಆಕ್ಷೇಪ ಇರುವುದು ಹಣ್ಣಿನ ಹೆಸರಿನ ಮರೆಯಲ್ಲಿ ಇವನ್ನು ಮಾರುವುದರ ಬಗ್ಗೆ.

ಒಂದು ಸಮರ್ಥನೆ

ಈ ಫಲಿತಾಂಶಗಳಿಗೆ ಉತ್ತರವಾಗಿ ಒಂದು ವಾದವನ್ನು ಮುಂದಿಡಲಾಯಿತು. ಇದು ಹೊರಗಿನಿಂದ ಬೆರೆಸಿದ್ದಲ್ಲ, ಹಣ್ಣಿನಲ್ಲಿರುವ ಫ್ಲೇವನಾಯ್ಡುಗಳೇ ತಯಾರಿಕೆಯ ಹಂತದಲ್ಲಿ ಅಮೋನಿಯಂ ಕ್ಲೋರೈಡಿನೊಂದಿಗೆ ವರ್ತಿಸಿ ಕ್ವಾಟರ್ನರಿ ಸಂಯುಕ್ತಗಳಾಗುತ್ತವೆ ಎಂಬುದು ಆ ವಾದ. ಇದನ್ನು ಎರಡು ರೀತಿಯಲ್ಲಿ ಪರಿಶೀಲಿಸಬಹುದು.

ಮೊದಲು ಅಣುವಿನ ರಚನೆಯನ್ನು ನೋಡೋಣ. ಬೆಂಜೆಥೋನಿಯಂ ಅಣುವಿನ ಒಂದು ತುದಿಯಲ್ಲಿ ಎಂಟು ಕಾರ್ಬನ್ನುಗಳ, ಹೆಚ್ಚು ಕವಲೊಡೆದ ಸರಪಳಿ ಇದೆ. ಪೆಟ್ರೋಲಿಯಂ ಮೂಲದ ಕಚ್ಚಾವಸ್ತುವನ್ನು ಫೀನಾಲಿನೊಂದಿಗೆ ಜೋಡಿಸಿದಾಗ ದೊರೆಯುವ ಸರಪಳಿ ಅದು. ಗ್ರೇಪ್‌ಫ್ರೂಟಿನ ಕಹಿಗೆ ಕಾರಣವಾದ ನಾರಿಂಜಿನ್ ಮುಂತಾದ ಫ್ಲೇವನಾಯ್ಡುಗಳಲ್ಲಿ ಅಂಥ ಸರಪಳಿ ಇಲ್ಲ. ಇಲ್ಲದ ಸರಪಳಿ ಅಮೋನಿಯಂ ಕ್ಲೋರೈಡಿನಿಂದ ಬರುವುದೂ ಸಾಧ್ಯವಿಲ್ಲ. ಸಾಲದುದಕ್ಕೆ, ಒಂದೇ ಹಣ್ಣಿನ ಒಂದೇ ಪ್ರಕ್ರಿಯೆಯಿಂದ ಒಂದು ಬಾಟಲಿಯಲ್ಲಿ ಬೆಂಜೆಥೋನಿಯಂ, ಇನ್ನೊಂದರಲ್ಲಿ ಬೆಂಜಾಲ್ಕೋನಿಯಂ, ಮತ್ತೊಂದರಲ್ಲಿ ಟ್ರೈಕ್ಲೋಸಾನ್ ಬರುವುದು ಹೇಗೆ?

ಎರಡನೆಯದು ತರ್ಕದ ಮಾತು. ಈ ವಾದವನ್ನು ಒಪ್ಪಿದೆವೆಂದೇ ಇಟ್ಟುಕೊಳ್ಳಿ. ಆಗ ಬಾಟಲಿಯಲ್ಲಿರುವುದು ಬೀಜದಲ್ಲಿದ್ದ ವಸ್ತುವಲ್ಲ, ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ವಸ್ತು ಎಂದು ತಯಾರಕರೇ ಒಪ್ಪಿದಂತಾಯಿತು. ‘ನೈಸರ್ಗಿಕ’ ಎಂಬ ಮಾತು ಆಗಲೂ ಉಳಿಯುವುದಿಲ್ಲ.

ನಷ್ಟ ಯಾರಿಗೆ?

‘ಹೇಗೋ ಕ್ರೀಮು ಕೆಡಲಿಲ್ಲವಲ್ಲ, ನಷ್ಟವೇನು?’ ಎಂದು ಕೇಳುವವರಿದ್ದಾರೆ. ನಷ್ಟ ಎರಡು ದಿಕ್ಕಿನಿಂದ ಬರುತ್ತದೆ.

ಯುರೋಪಿಯನ್ ಒಕ್ಕೂಟದ ನಿಯಮದಂತೆ ಸೌಂದರ್ಯವರ್ಧಕಗಳಲ್ಲಿ ಸಂರಕ್ಷಕವಾಗಿ ಬೆಂಜೆಥೋನಿಯಂ ಕ್ಲೋರೈಡಿನ ಗರಿಷ್ಠ ಮಿತಿ ಶೇ. 0.1. ಬಾಯಿಗೆ ಬಳಸಿ ಹಾಗೆಯೇ ಉಳಿಸುವ ಉತ್ಪನ್ನಗಳಲ್ಲಿ ಅದಕ್ಕೆ ಅನುಮತಿಯಿಲ್ಲ. ಈಗ ಶೇ. 8.03ರಷ್ಟು ಅದನ್ನು ಹೊಂದಿರುವ ಸಾರವನ್ನು ಕ್ರೀಮಿಗೆ ಶೇ. 1ರಷ್ಟು ಬೆರೆಸಿದರೆ, ಕ್ರೀಮಿನಲ್ಲಿ ಅದು ಶೇ. 0.08 ಆಗುತ್ತದೆ. ಮಿತಿಯೊಳಗಿದೆ, ಆದರೆ ಅಂಚಿನಲ್ಲಿದೆ. ‘ನೈಸರ್ಗಿಕ ತಾನೇ, ಇನ್ನಷ್ಟು ಹಾಕೋಣ’ ಎಂದು ಶೇ. 2 ಬೆರೆಸಿದರೆ ಶೇ. 0.16 ಆಗಿ ಮಿತಿ ಮೀರುತ್ತದೆ. ಬೆರೆಸಿದವರಿಗೆ ಅದು ತಿಳಿಯುವುದೇ ಇಲ್ಲ. ಈ ಬಗೆಯ ಸಂಯುಕ್ತಗಳು ಒಗ್ಗದ ಚರ್ಮದವರಿಗೆ ಡಬ್ಬಿಯ ಮೇಲಿನ ಪಟ್ಟಿ ನೋಡಿ ದೂರವಿರುವ ಅವಕಾಶವೂ ಇಲ್ಲ. ಸಾರವನ್ನು ಕುಡಿಯುವವರ ಅಪಾಯ ಇನ್ನೂ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ಔಷಧ ಸೇವಿಸುತ್ತಿದ್ದವರಲ್ಲಿ ಈ ಹನಿಗಳಿಂದ ಔಷಧದ ಪರಿಣಾಮ ಅತಿಯಾದುದನ್ನು 2007ರಲ್ಲಿ ಸ್ವೀಡನ್ನಿನ ವೈದ್ಯ ಸಂಶೋಧಕರು ವರದಿ ಮಾಡಿದರು. ಔಷಧವನ್ನು ವಿಘಟಿಸುವ ಯಕೃತ್ತಿನ ಕಿಣ್ವಗಳನ್ನು ಬೆಂಜೆಥೋನಿಯಂ ಕ್ಲೋರೈಡ್ ತಡೆಯುವುದೇ ಇದಕ್ಕೆ ಕಾರಣವೆಂದು ಅವರು ಸೂಚಿಸಿದರು.

ಎರಡನೆಯ ದಿಕ್ಕು ಇದಕ್ಕೆ ವಿರುದ್ಧವಾದುದು. ಪ್ರಾಮಾಣಿಕ ತಯಾರಕರೊಬ್ಬರು ಏನನ್ನೂ ಬೆರೆಸದ, ಅಪ್ಪಟ ಬೀಜದ ಸಾರವನ್ನು ಮಾರುತ್ತಾರೆಂದು ಭಾವಿಸಿ. ಹೆಸರನ್ನು ನಂಬಿ ಅದನ್ನು ತಮ್ಮ ಕ್ರೀಮಿಗೆ ಸೇರಿಸಿದವರಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಮೇಲೆ ಮಾಡಿದ ಇಮ್ಮಡಿಯ ಲೆಕ್ಕ ಅವರ ಡಬ್ಬಿಯಲ್ಲಿ ನಡೆಯುತ್ತಿರುತ್ತದೆ. ಅಂದರೆ, ಈ ಪರೀಕ್ಷೆಗಳು ತೋರಿಸಿದ ಮಟ್ಟಿಗೆ, ಕೆಲಸ ಮಾಡಿದ ಸಾರ ನೈಸರ್ಗಿಕವಾಗಿರಲಿಲ್ಲ, ನೈಸರ್ಗಿಕವಾಗಿದ್ದ ಸಾರ ಕೆಲಸ ಮಾಡಲಿಲ್ಲ. ಪ್ರಾಮಾಣಿಕರಿಗೇ ಹೆಚ್ಚು ಅಪಾಯ ತರುವ ಈ ಸ್ಥಿತಿಯೇ ಪ್ರಕರಣದ ಅತಿ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ.

ಸಂಶೋಧಕರಿಗೂ ಒಂದು ಮಾತು

ತಪ್ಪು ಮಾರಾಟಗಾರರದು ಮಾತ್ರವಲ್ಲ. ಗ್ರೈಫ್ಸ್‌ವಾಲ್ಡ್ ಪ್ರಬಂಧ ಬಂದ ಮೇಲೂ, 2002ರಲ್ಲಿ, ಸಂಸ್ಕರಿಸಿದ ಗ್ರೇಪ್‌ಫ್ರೂಟ್ ಬೀಜದ ಸಾರ ಉತ್ತಮ ಬ್ಯಾಕ್ಟೀರಿಯಾನಾಶಕವೆಂದು ಹೇಳುವ ಪ್ರಬಂಧಗಳು ಅಮೆರಿಕದ ಪರ್ಯಾಯ ವೈದ್ಯದ ನಿಯತಕಾಲಿಕದಲ್ಲಿ ಪ್ರಕಟವಾದವು. ಅಂಗಡಿಯ ಬಾಟಲಿಯನ್ನು ತಂದು ಅದರ ಶಕ್ತಿಯನ್ನಷ್ಟೇ ಅಳೆದರೆ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಅದಕ್ಕೆ ಕೊಡುವ ಶೀರ್ಷಿಕೆ ಮಾತ್ರ ತಪ್ಪಾಗುತ್ತದೆ. ಅಳತೆ ಎಷ್ಟೇ ನಿಖರವಾಗಿದ್ದರೂ, ಅಳೆದದ್ದು ಏನನ್ನು ಎಂಬುದು ಖಚಿತವಿಲ್ಲದಿದ್ದರೆ ಪ್ರಯೋಜನವಿಲ್ಲ. ಅಂಥ ಪ್ರಬಂಧಗಳೇ ಮತ್ತೆ ಜಾಹೀರಾತಿಗೆ ಆಧಾರವಾಗುತ್ತವೆ.

ಇದು ಒಂದೇ ಹಣ್ಣಿನ ಕಥೆಯೂ ಅಲ್ಲ. ಮೂಲಂಗಿಯನ್ನು ಹುದುಗಿಸಿ ಪಡೆದ ದ್ರವ ಇನ್ನೊಂದು ಜನಪ್ರಿಯ ‘ನೈಸರ್ಗಿಕ’ ಸಂರಕ್ಷಕ. ಕೆನಡಾದ ಆಲ್ಬರ್ಟ ವಿಶ್ವವಿದ್ಯಾಲಯದವರು 2015ರಲ್ಲಿ ಹುದುಗಿಸಿದ ಮೂಲಂಗಿಯ ವಾಣಿಜ್ಯ ಉತ್ಪನ್ನವೊಂದನ್ನು ವಿಶ್ಲೇಷಿಸಿದಾಗ, ಸೂಕ್ಷ್ಮಜೀವಿಗಳನ್ನು ತಡೆಯುತ್ತಿದ್ದುದು ಸ್ಯಾಲಿಸಿಲಿಕ್ ಆಮ್ಲ ಮತ್ತು ಮತ್ತೊಂದು ಕ್ವಾಟರ್ನರಿ ಅಮೋನಿಯಂ ಲವಣ ಎಂದು ತಿಳಿದುಬಂತು.

ಅಣುವಿಗೆ ಊರಿಲ್ಲ

ಹಾಗಾದರೆ ಸಸ್ಯಮೂಲದ ಸಂರಕ್ಷಕಗಳೆಲ್ಲ ಮೋಸವೇ? ಖಂಡಿತ ಅಲ್ಲ. ಲವಂಗದ ಯೂಜಿನಾಲ್, ಓಮದ ಥೈಮಾಲ್ ಸೂಕ್ಷ್ಮಜೀವಿಗಳನ್ನು ತಡೆಯಬಲ್ಲವು, ಅಧಿಕ ಪ್ರಮಾಣದಲ್ಲಿ ಚರ್ಮವನ್ನು ಕೆರಳಿಸಲೂಬಲ್ಲವು. ಬೆಂಜಾಯಿಕ್ ಆಮ್ಲ ಮೊದಲು ದೊರೆತದ್ದು ಸಾಂಬ್ರಾಣಿಯ ಅಂಟಿನಿಂದ. ಇಂದು ಅದನ್ನು ಬಹುಮಟ್ಟಿಗೆ ಪೆಟ್ರೋಲಿಯಂ ಮೂಲದ ಟಾಲ್ವೀನಿನಿಂದ ತಯಾರಿಸುತ್ತಾರೆ.

ಈ ಎರಡು ಬೆಂಜಾಯಿಕ್ ಆಮ್ಲಗಳಿಗೆ ಏನು ವ್ಯತ್ಯಾಸ? ಒಂದೇ ಒಂದು. ಗಿಡ ತನ್ನ ಕಾರ್ಬನ್ನನ್ನು ಗಾಳಿಯಿಂದ ಪಡೆಯುತ್ತದೆ. ಗಾಳಿಯ ಕಾರ್ಬನ್ನಿನಲ್ಲಿ ಸುಮಾರು ಒಂದು ಲಕ್ಷ ಕೋಟಿಗೆ ಒಂದರಂತೆ ವಿಕಿರಣಶೀಲ ಕಾರ್ಬನ್-14 ಇದೆ. ಅದರ ಅರ್ಧಾಯು ಸುಮಾರು 5,730 ವರ್ಷ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಪೆಟ್ರೋಲಿಯಂನಲ್ಲಿ ಅದು ಉಳಿದಿಲ್ಲ. ಬೆಂಜಾಯಿಕ್ ಆಮ್ಲದ ಅಣುವಿನಲ್ಲಿ 7 ಕಾರ್ಬನ್ನುಗಳಿವೆ. ಲೆಕ್ಕ ಹಾಕಿದರೆ, ಸಾಂಬ್ರಾಣಿಯಿಂದ ಬಂದ ಆಮ್ಲದ ಹತ್ತು ಸಾವಿರ ಕೋಟಿಗೂ ಹೆಚ್ಚು ಅಣುಗಳಲ್ಲಿ ಒಂದರಲ್ಲಿ ಮಾತ್ರ ಈ ಗುರುತು ಇರುತ್ತದೆ. ವಸ್ತುವಿನ ಮೂಲವನ್ನು ಪತ್ತೆಹಚ್ಚಲು ಈ ಅಳತೆ ಬಹಳ ಉಪಯುಕ್ತ. ಆದರೆ ಬ್ಯಾಕ್ಟೀರಿಯಕ್ಕೂ ಚರ್ಮಕ್ಕೂ ಅದರಿಂದ ಏನೂ ಆಗಬೇಕಾದ್ದಿಲ್ಲ.

ಅವುಗಳಿಗೆ ಮುಖ್ಯವಾದದ್ದು ಬೇರೆ. ಬೆಂಜಾಯಿಕ್ ಆಮ್ಲ ಅಯಾನಾಗಿ ಒಡೆಯದೆ ಇದ್ದಾಗ ಮಾತ್ರ ಸೂಕ್ಷ್ಮಜೀವಿಯ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಪಿಎಚ್ 4.2ರಲ್ಲಿ ಅರ್ಧದಷ್ಟು ಆಮ್ಲ ಒಡೆಯದೆ ಉಳಿಯುತ್ತದೆ. 5.2ರಲ್ಲಿ ಶೇ. 9ರಷ್ಟು, 6.2ರಲ್ಲಿ ಶೇ. 1ರಷ್ಟು ಮಾತ್ರ. ಅಂದರೆ ಪಿಎಚ್ ಸರಿಯಿಲ್ಲದ ಕ್ರೀಮಿನಲ್ಲಿ ಸಾಂಬ್ರಾಣಿಯ ಆಮ್ಲವೂ ಸೋಲುತ್ತದೆ, ಟಾಲ್ವೀನಿನ ಆಮ್ಲವೂ ಸೋಲುತ್ತದೆ. ಹೀಗೆ ‘ಎಲ್ಲಿಂದ ಬಂತು’ ಮತ್ತು ‘ಏನು ಮಾಡುತ್ತದೆ’ ಎಂಬವು ಬೇರೆ ಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುವುದರಿಂದಲೇ ಗೊಂದಲ ಹುಟ್ಟುತ್ತದೆ.

ನಾವು ಕೇಳಬೇಕಾದದ್ದು

ಸಂರಕ್ಷಕ ಕೆಲಸ ಮಾಡುತ್ತದೆಯೇ ಎಂಬುದಕ್ಕೆ ಒಪ್ಪಿತ ಪರೀಕ್ಷೆಗಳಿವೆ. 2012ರಲ್ಲಿ ಬಂದ ಐಎಸ್ಒ 11930 ಮಾನಕ ಅವುಗಳಲ್ಲೊಂದು. ತಯಾರಾದ ಉತ್ಪನ್ನಕ್ಕೆ ಗೊತ್ತಾದ ಸಂಖ್ಯೆಯ ಬ್ಯಾಕ್ಟೀರಿಯ, ಯೀಸ್ಟ್, ಬೂಷ್ಟುಗಳನ್ನು ಬೇಕೆಂದೇ ಸೇರಿಸಿ, 28 ದಿನಗಳವರೆಗೆ ಆಗಾಗ ಎಣಿಸುತ್ತಾರೆ. ಕಟ್ಟುನಿಟ್ಟಿನ ಮಾನದಂಡದಂತೆ ಬ್ಯಾಕ್ಟೀರಿಯಗಳು 7 ದಿನಗಳಲ್ಲಿ ಸಾವಿರಕ್ಕೆ ಒಂದರಷ್ಟಾದರೂ ಇಳಿಯಬೇಕು, ಎಂದರೆ ಲಾಗರಿದಮ್ ಮಾನದಲ್ಲಿ 3 ಹಂತ. 10 ಲಕ್ಷವಿದ್ದುದು ಒಂದು ಸಾವಿರವಾಗಬೇಕು. ಹೀಗೆ ಪರೀಕ್ಷಿಸುವುದು ಸಾರವನ್ನಲ್ಲ, ಆ ಡಬ್ಬಿಯಲ್ಲಿರುವ ಕ್ರೀಮನ್ನೇ ಎಂಬುದನ್ನು ಗಮನಿಸಿ.

ಅಧ್ಯಾಪಕರು ಇದನ್ನು ತರಗತಿಗೆ ತರಬಹುದು. ಸೂಕ್ಷ್ಮಜೀವಿಗಳನ್ನು ಬೆಳೆಸುವ ಪ್ರಯೋಗ ಶಾಲೆಯಲ್ಲಿ ಬೇಡ, ಅದಕ್ಕೆ ತಕ್ಕ ಸುರಕ್ಷತೆ ಬೇಕು. ಮಕ್ಕಳು ಮನೆಯಲ್ಲಿರುವ ನಾಲ್ಕಾರು ಖಾಲಿ ಡಬ್ಬಿಗಳನ್ನು ತರಲಿ. ಅವುಗಳ ಮೇಲಿನ ಹೇಳಿಕೆಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಲಿ: ಪರೀಕ್ಷಿಸಬಹುದಾದವು ಮತ್ತು ಪರೀಕ್ಷಿಸಲಾಗದವು. ಮೊದಲ ಪಟ್ಟಿಯ ಪ್ರತಿಯೊಂದು ಹೇಳಿಕೆಯ ಮುಂದೆ, ಅದನ್ನು ಸುಳ್ಳೆಂದು ತೋರಿಸಬಲ್ಲ ಪ್ರಯೋಗ ಯಾವುದು, ಹೋಲಿಕೆಗೆ ಏನನ್ನು ಇಟ್ಟುಕೊಳ್ಳಬೇಕು ಎಂದು ಬರೆಯಲಿ. ಪಿಯುಸಿ ವಿದ್ಯಾರ್ಥಿಗಳು ಮೇಲಿನ ಪಿಎಚ್ ಲೆಕ್ಕವನ್ನೂ ಕಾರ್ಬನ್-14ರ ಲೆಕ್ಕವನ್ನೂ ತಾವೇ ಮಾಡಿ ನೋಡಲಿ. ಇದಕ್ಕೆ ಯಾವ ಉಪಕರಣವೂ ಬೇಡ, ಒಂದು ಪೀರಿಯಡ್ ಸಾಕು.